ಎಡಗಾಲಿನೊಂದಿಗೆ ಸುರಪುರದವರೆಗೆ

ಸಂಕ್ರಾಂತಿ ಕಳೆದ ವಾರ, ಚಳಿ ಇನ್ನೂ ಬಿಡದ ಒಂದು ಬೆಳಿಗ್ಗೆ, ಯಾದಗಿರಿಯ ನನ್ನ ಮನೆಯ ಗೋಡೆಗೆ ಕೈ ಊರಿ ಸೈಕಲ್ ಹತ್ತಿದೆ. ಮೊದಲು ಬಲಗಾಲು ಪೆಡಲಿಗೆ ಕೂತು ಟಕ್ ಎಂದಿತು. ಎಡಗಾಲನ್ನು ಕೈಯಿಂದಲೇ ಎತ್ತಿ ಪೆಡಲ್ ಮೇಲಿಟ್ಟು, ಮೊಣಕಾಲನ್ನು ಅಂಗೈಯಿಂದ ಒತ್ತಿದೆ. ಅದೂ ಟಕ್ ಎಂದಿತು. ಈಗ ಎರಡೂ ಪಾದಗಳು ಪೆಡಲಿಗೆ ಸಿಕ್ಕಿಕೊಂಡಿದ್ದವು. ನನ್ನ ಹೆಂಡತಿ ಬಾಗಿಲಲ್ಲಿ ಸೆರಗು ಹೊದ್ದು ನಿಂತಿದ್ದಳು. "ಸುರಪುರಕ್ಕ ದಿನಕ್ಕ ಎಷ್ಟು ಬಸ್ಸು ಅದಾವ, ಸೈಕಲ್ ಮ್ಯಾಲೇ ಹೋಗ್ಬೇಕಂತ ಯಾರು ಬಡಕೊಂಡಾರ ನಿಮಗ?" ಎಂದಳು. ವಾರದಿಂದ ಅದೇ ಮಾತು. ನಾನು ಗೋಡೆ ಬಿಟ್ಟೆ.

ನನ್ನ ಎಡಗಾಲಿನ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ಚಿಕ್ಕವನಿದ್ದಾಗ ಪೋಲಿಯೋ ಬಂದು ಅದು ಬಡಕಲಾಗಿ ಉಳಿಯಿತು. ಬಲಪಾದಕ್ಕೆ ಎಂಟನೇ ನಂಬರಿನ ಬೂಟು, ಎಡಪಾದಕ್ಕೆ ಐದನೆಯದು. ನಡೆಯುವಾಗ ತೊಡೆಗೆ ಕೈ ಊರಬೇಕು. ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಮಕ್ಕಳು ನನಗಿಟ್ಟ ಅಡ್ಡಹೆಸರು ಗೊತ್ತಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಸೈಕಲ್ ಮೇಲೆ ನಾನು ಕುಂಟನಲ್ಲ. ಬಲಗಾಲು ತುಳಿಯುತ್ತದೆ, ಎಡಗಾಲು ಜೊತೆಗೆ ತಿರುಗುತ್ತದೆ, ದೂರದಿಂದ ನೋಡುವವರಿಗೆ ಎರಡೂ ಒಂದೇ. ನನಗೆ ಬೇಕಾಗಿದ್ದೂ ಅಷ್ಟೇ. ನಡುವಯಸ್ಸಿನಲ್ಲಿ ದಪ್ಪ ಟೈರಿನ, ಗೇರಿರುವ ಬೆಟ್ಟದ ಸೈಕಲ್ ಕೊಂಡಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ "ಕುಂಟನಿಗೆ ಎಂಟು ಚೇಷ್ಟೆ" ಎಂದು ನಕ್ಕರು. ನಾನೂ ನಕ್ಕೆ. ಗಾದೆ ಸುಳ್ಳಲ್ಲ.

ಕಳೆದ ವರ್ಷದಿಂದ ಆ ಎಡಪಾದ ಪೆಡಲ್ ಮೇಲಿಂದ ಜಾರತೊಡಗಿತು. ಕಲ್ಲಿನ ದಾರಿಯಲ್ಲಿ ಸೈಕಲ್ ಕುಪ್ಪಳಿಸಿದರೆ ಸಾಕು, ಪಾದ ಕೆಳಗೆ ಬಿದ್ದು, ತಿರುಗುವ ಪೆಡಲು ಮೊಣಕಾಲ ಕೆಳಗಿನ ಎಲುಬಿಗೆ ಬಡಿಯುತ್ತಿತ್ತು. ಕಲಬುರಗಿಯ ಡಾಕ್ಟರು ಕಾಲನ್ನು ಆ ಕಡೆ ಈ ಕಡೆ ಬಾಗಿಸಿ ನೋಡಿ, "ಇಷ್ಟು ವರ್ಷ ಎರಡಾಳಿನ ಕೆಲಸ ಒಬ್ಬನೇ ಮಾಡಿದ ನರಗಳು ಈಗ ದಣೀತಾವ ಮಾಸ್ತರೇ. ಇರೋ ಶಕ್ತಿ ಇನ್ನಷ್ಟು ಹೋಗಬಹುದು, ಹೋಗದೇನೂ ಇರಬಹುದು," ಎಂದರು. ಬಹುದು, ಬಹುದು. ಗಣಿತದವನಿಗೆ ಇಂಥ ಉತ್ತರ ಹಿಡಿಸುವುದಿಲ್ಲ.

ಪಾದ ಜಾರದಂತೆ ಮಾಡುವ ಉಪಾಯ ಹೇಳಿದವನು ಶಹಾಪುರದ ಗೌತಮ. ಅವನು ಅಲ್ಲಿನ ಒಂದು ಕಚೇರಿಯಲ್ಲಿ ಗುಮಾಸ್ತ. ರವಿವಾರ ಬಂತೆಂದರೆ ಊರ ಬೆಟ್ಟದ ಬಂಡೆಗಳ ನಡುವೆ ಸೈಕಲ್ ಹೊಡೆಯುತ್ತಾನೆ. ಚುನಾವಣೆಯ ಡ್ಯೂಟಿಯಲ್ಲಿ ಪರಿಚಯವಾದವನು, ನನಗಿಂತ ಹದಿನೈದು ವರ್ಷ ಸಣ್ಣವನು. "ಕ್ಲಿಪ್‌ಲೆಸ್ ಪೆಡಲ್ ಹಾಕ್ರಿ ಮಾಸ್ತರ್ರ, ಕಾಲು ಬಿಡೂದೇ ಇಲ್ಲ," ಎಂದ. ಕ್ಲಿಪ್ ಇಲ್ಲದ್ದು ಎಂದು ಹೆಸರು, ಇರುವುದೆಲ್ಲ ಕ್ಲಿಪ್ಪೇ. ಬೂಟಿನ ಅಡಿಗೆ ಉಕ್ಕಿನ ಸಣ್ಣ ತುಂಡೊಂದನ್ನು ಎರಡು ಸ್ಕ್ರೂ ಬಿಗಿದು ಕೂರಿಸುತ್ತಾರೆ. ಪೆಡಲಿನ ಸ್ಪ್ರಿಂಗು ಅದನ್ನು ಕಚ್ಚಿ ಹಿಡಿಯುತ್ತದೆ. ಬಿಡಿಸಿಕೊಳ್ಳಲು ಹಿಮ್ಮಡಿಯನ್ನು ಹೊರಗೆ ತಿರುಗಿಸಬೇಕು. ತಿರುಗಿಸುವ ಶಕ್ತಿ ಇರುವವರಿಗೆ ಇದು ಮಕ್ಕಳಾಟ.

ಆರಿಸುವುದಕ್ಕೇ ಒಂದು ತಿಂಗಳು ಹಿಡಿಯಿತು. ಪಾದವನ್ನು ಪಟ್ಟಿಯಿಂದ ಬಿಗಿಯುವ ಹಳೆಯ ಜಾತಿಯ ಪೆಡಲ್ ಅಗ್ಗವಾಗಿತ್ತು. ಆದರೆ ಪಟ್ಟಿ ಸಡಿಲಿಸಲು ಪ್ರತಿ ಸಲ ಬಗ್ಗಿ ಕೈ ಹಚ್ಚಬೇಕು. ಕೈ ಹಚ್ಚುವುದಾದರೆ ನನ್ನ ಅಕ್ಕನ ಸೀರೆಯ ಅಂಚೇ ಸಾಕಿತ್ತು. ಚಿಕ್ಕಂದಿನಲ್ಲಿ ಅಪ್ಪನ ಸೈಕಲ್ ಕಲಿಯುವಾಗ ಅಕ್ಕ ಹಳೆಯ ಸೀರೆಯ ಅಂಚು ಹರಿದು ನನ್ನ ಎಡಪಾದವನ್ನು ಪೆಡಲಿಗೆ ಕಟ್ಟುತ್ತಿದ್ದಳು, ತುದಿ ಎಳೆದರೆ ಬಿಚ್ಚುವಂಥ ಸರಗುಣಿಕೆ ಹಾಕಿ. ಲಂಗ ಎತ್ತಿ ಸಿಕ್ಕಿಸಿಕೊಂಡು ಪಕ್ಕದಲ್ಲೇ ಓಡುತ್ತಿದ್ದಳು. ನಿಲ್ಲಿಸಬೇಕಾದಾಗ ತುದಿ ಎಳೆಯುವವಳೂ ಅವಳೇ. ಅವಳು ಎಳೆಯದೆ ನಾನೆಂದೂ ಇಳಿದವನಲ್ಲ. ಈಗ ಐವತ್ತರ ಹತ್ತಿರ ಬಂದ ಮೇಲಾದರೂ ಕಾಲು ತಾನಾಗಿ ಬಿಡಿಸಿಕೊಳ್ಳಲಿ ಎಂಬ ಹಟ ನನಗೆ.

ಎರಡೂ ಬದಿಗೆ ಕಚ್ಚುವ ಪೆಡಲ್ ಆರಿಸಿದೆವು, ಯಾವ ಬದಿ ಮೇಲಿದೆ ಎಂದು ಎಡಪಾದ ಹುಡುಕಲಾರದು ಎಂದು. ಬೂಟಿನ ತುಂಡುಗಳಲ್ಲಿ ಎರಡು ಬಗೆ. ಒಂದು ಹೊರಗೆ ತಿರುಗಿಸಿದರೆ ಮಾತ್ರ ಬಿಡುತ್ತದೆ, ಇನ್ನೊಂದು ಯಾವ ಕಡೆ ಜಗ್ಗಿದರೂ ಬಿಡುತ್ತದೆ. ಎರಡನೆಯದನ್ನೇ ತರಿಸಿದೆವು. ಬೂಟು ಮಾತ್ರ ಎರಡು ಜೊತೆ ಕೊಳ್ಳಬೇಕಾಯಿತು, ಒಂದು ಎಂಟು, ಒಂದು ಐದು. ಉಳಿದ ಎಡ ಎಂಟು, ಬಲ ಐದು ಹೊಸದಾಗಿಯೇ ಟ್ರಂಕಿನಲ್ಲಿ ಮಲಗಿವೆ. ನನ್ನ ತದ್ವಿರುದ್ಧ ಕಾಲಿನವನೊಬ್ಬ ಎಲ್ಲೋ ಇದ್ದಾನು, ಅವನ ಟ್ರಂಕಿನಲ್ಲಿ ನನ್ನವು ಕೊಳೆಯುತ್ತಿರಬೇಕು.

ಜೋಡಿಸಲು ಗೌತಮನೇ ಯಾದಗಿರಿಗೆ ಬಂದ. ಹೆಬ್ಬೆರಳಿನ ಬುಡದ ಎಲುಬನ್ನು ಮುಟ್ಟಿ ನೋಡಿ, ಅದರ ನೇರಕ್ಕೆ ಬಲಗಡೆಯ ತುಂಡು ಕೂರಿಸಿದ. ಎಡಗಡೆಯದನ್ನು ಹಿಮ್ಮಡಿಯ ಕಡೆಗೆ ಸರಿಸಿದ, ಕಣಕಾಲಿಗೆ ಶ್ರಮ ಕಡಿಮೆಯಾಗಲಿ ಎಂದು. ನನ್ನ ಎಡಪಾದ ಒಳಮುಖವಾಗಿ ತಿರುಗಿರುವುದರಿಂದ ತುಂಡನ್ನೂ ಅಷ್ಟೇ ಓರೆಯಾಗಿಟ್ಟ. ಕೊನೆಗೆ ಪೆಡಲಿನ ಸ್ಪ್ರಿಂಗ್ ಸ್ಕ್ರೂವನ್ನು ಪೂರ್ತಿ ಸಡಿಲಿಸಿದ. ಮೊದಲ ದಿನ ಗೋಡೆ ಹಿಡಿದು ಹಾಕಿ ತೆಗೆದು ಮಾಡಿದೆ, ಎಡಗಾಲು ಬಿಡಿಸಿಕೊಂಡಿತು. ಮುದನಾಳದ ಕಡೆ ಹೊಲದ ದಾರಿಯಲ್ಲಿ ಎರಡು ಸಲ ಬಿದ್ದೆ, ಮೂರನೆಯ ಸಲ ಬೀಳಲಿಲ್ಲ. ಮನೆಗೆ ಬಂದು ಹೆಂಡತಿಯೆದುರು ಹುಡುಗರಂತೆ ಕೊಚ್ಚಿಕೊಂಡೆ.

ಆ ಸಂತೋಷ ವಾರವೂ ಬಾಳಲಿಲ್ಲ. ಎಡಗಾಲು ದಿನದಿಂದ ದಿನಕ್ಕೆ ತಡವಾಗಿ ಬಿಡಿಸಿಕೊಳ್ಳತೊಡಗಿತು. ಬಲಗಾಲಿಗೆ ಏನೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಪೆಡಲ್ ಸ್ವಲ್ಪ ಬಿಗಿಯಾಗಿರಬಹುದೆಂದು ಅಡುಗೆಮನೆಯ ಕುಸುಬಿ ಎಣ್ಣೆಯನ್ನು ನಾಲ್ಕು ಹನಿ ಬಿಟ್ಟೆ. ನಮ್ಮ ಮನೆಯಲ್ಲಿ ಒಗ್ಗರಣೆಗೂ ಅದೇ, ಬಾಗಿಲ ತಿರುಗಣಿಗೂ ಅದೇ. ದಿನಾ ಸಂಜೆ ಎಣ್ಣೆ, ದಿನಾ ಬೆಳಿಗ್ಗೆ ಮತ್ತಷ್ಟು ಕಷ್ಟ. ಎಣ್ಣೆ ಹೆಚ್ಚಿದಷ್ಟೂ ಕಾಲಿನ ಕಸುವು ಕಡಿಮೆಯಾಗುತ್ತಿತ್ತು. ಡಾಕ್ಟರ "ಬಹುದು"ಗೆ ಉತ್ತರ ಸಿಕ್ಕಿತೆಂದು ನನಗನ್ನಿಸಿತು. ಹೊರಡುವ ಮೊದಲೇ ನನಗೆ ನಾನೇ ಷರತ್ತು ಹಾಕಿಕೊಂಡೆ. ಸುರಪುರದಲ್ಲಿರುವ ಅಕ್ಕನ ಮನೆಯವರೆಗೆ ಸೈಕಲ್ ಮೇಲೆ ಹೋಗುವುದು. ಅವಳ ಕಟ್ಟೆಯ ಮುಂದೆ ಎಡಗಾಲನ್ನು ಕೈ ಹಚ್ಚದೆ ಬಿಡಿಸಿಕೊಂಡರೆ ಸೈಕಲ್ ನನ್ನದು. ಆಗದಿದ್ದರೆ ಅಲ್ಲೇ ಬಿಟ್ಟು ಬಸ್ಸಿನಲ್ಲಿ ಮರಳುವುದು, ಮತ್ತೆಂದೂ ಹತ್ತದಿರುವುದು.

ಊರು ದಾಟಿ ಭೀಮಾ ಸೇತುವೆಯ ಮೇಲೆ ಬಂದಾಗ ನದಿಯ ಮೇಲೆ ಮಂಜು ನಿಂತಿತ್ತು. ಲಾರಿಗಳು ಮೈಗೆ ತಾಗುವಂತೆ ಹಾಯುತ್ತಿದ್ದವು. ಆಮೇಲೆ ಎರಡೂ ಕಡೆ ಕರಿ ನೆಲ, ಹತ್ತಿ, ಬಿಳಿಜೋಳ, ನಡುನಡುವೆ ಕುಸುಬಿಯ ಹಳದಿ ಹೂ. ಶಹಾಪುರ ಮೂವತ್ತು ಚಿಲ್ಲರೆ ಕಿಲೋಮೀಟರು. ಕಾಲು ಸರಿಯಿರುವವರಿಗೆ ಎರಡು ತಾಸಿನ ದಾರಿ, ನನಗೆ ಮಧ್ಯಾಹ್ನದವರೆಗೆ. ಅರ್ಧದಾರಿಯ ಚಹಾದಂಗಡಿಯಲ್ಲಿ ಇಳಿಯಲಿಲ್ಲ. ಬೇವಿನ ಮರಕ್ಕೆ ಒರಗಿ ಸೈಕಲ್ ಮೇಲೆಯೇ ಕೂತು ಚಹಾ ಕೇಳಿದೆ. ಅಂಗಡಿಯವನು ಚಹಾದ ಕಪ್ಪು, ಬಸಿ ಹಿಡಿದುಕೊಂಡು ಬಂದು ನನ್ನ ಕಾಲು ನೋಡಿದ.

"ಇಳಿರಲ್ರೀ ಸಾಹೇಬ್ರ, ಕಟ್ಟಿ ಮ್ಯಾಲ ಕೂಡ್ರಿ."

"ಕಾಲು ಸಿಕ್ಕಾವ. ಬಿಚ್ಚಿದ್ರ ಮತ್ತ ಹಾಕೂದು ತ್ರಾಸು."

ಅವನು ಬಗ್ಗಿ ಬೂಟಿನ ಅಡಿ ನೋಡಿದ. "ಅರೆ, ಲಾಳ ಹೊಡಿಸೀರಿ! ನಮ್ಮ ಎತ್ತಿಗೆ ನಾಲ್ಕು, ನಿಮಗ ಎರಡೇನ್ರಿ?" ಎಂದು ಅಂಗಡಿಯಲ್ಲಿದ್ದವರನ್ನೆಲ್ಲ ಕರೆದು ತೋರಿಸಿದ. ಎಲ್ಲರೂ ಬಂದು ನೋಡಿದರು. ಚಹಾಕ್ಕೆ ಸಕ್ಕರೆ ವಿಪರೀತ ಹಾಕಿದ್ದ. ನನಗೆ ಸಿಟ್ಟೇನೂ ಬರಲಿಲ್ಲ, ಲಾಳ ಎಂಬ ಮಾತು ಸರಿಯಾಗಿಯೇ ಇತ್ತು.

ಶಹಾಪುರದ ಬೆಟ್ಟ ದೂರದಿಂದಲೇ ಕಾಣುತ್ತದೆ, ಬುದ್ಧ ಅಂಗಾತ ಮಲಗಿದಂತೆ. ಹಣೆ, ಮೂಗು, ಎದೆ ಎಲ್ಲ ಸ್ಪಷ್ಟ. ಗೌತಮನ ಮನೆ ಆ ಬೆಟ್ಟದ ಕೆಳಗಿನ ಓಣಿಯಲ್ಲಿ. ಅವನು ಕಚೇರಿಯಿಂದ ಬರುವವರೆಗೆ ಅವನ ಕಂಪೌಂಡ್ ಗೋಡೆ ಹಿಡಿದು ಎಡಗಾಲನ್ನು ತಿರುಗಿಸಿದೆ, ಜಗ್ಗಿದೆ, ಒದ್ದೆ. ಬಹಳ ಹೊತ್ತಿನ ಮೇಲೆ, ತೊಡೆಯ ಸಮೇತ ಇಡೀ ಮೈ ತಿರುಗಿಸಿದಾಗ, ಬಿಟ್ಟಿತು. ಬೆವರು ಕಣ್ಣಿಗೆ ಇಳಿದಿತ್ತು.

ಸಂಜೆ ಗೌತಮ ಸೈಕಲ್ ರಿಪೇರಿಯ ಕೀಲಿ ತಂದು ಪೆಡಲಿನ ಮುಂದೆ ಕುಕ್ಕರಗಾಲಲ್ಲಿ ಕೂತ. "ಸ್ಪ್ರಿಂಗ್ ಇನ್ನೊಂದೀಟು ಸಡ್ಲ ಮಾಡೂನು," ಎಂದು ಸ್ಕ್ರೂ ತಿರುಗಿಸಲು ಹೋದ. ಅದು ತಿರುಗಲಿಲ್ಲ. ಮತ್ತೊಮ್ಮೆ ನೋಡಿದ. "ಇದಕ್ಕಿಂತ ಸಡ್ಲ ಇಲ್ರಿ ಮಾಸ್ತರ್ರ. ಅವತ್ತೇ ಪೂರಾ ಬಿಟ್ಟೀನಿ ನಾನು."

"ಗೊತ್ತದ," ಎಂದೆ.

ಅವನು ಕೀಲಿಯನ್ನು ಅಂಗೈಯಲ್ಲಿ ಹೊರಳಿಸಿ ಜೇಬಿಗೆ ಹಾಕಿಕೊಂಡ. ಅವನ ಹೆಂಡತಿ ರೊಟ್ಟಿ, ಜುಣಕ ಬಡಿಸಿದಾಗ ಇಬ್ಬರೂ ಮಳೆ, ಬೆಳೆ, ಕಚೇರಿಯ ವರ್ಗಾವಣೆಗಳ ಮಾತಾಡಿದೆವು.

ಮರುದಿನ ಬೆಳಗಾಗುತ್ತಲೇ ಅವನು ನನ್ನನ್ನು ಬೆಟ್ಟದ ಬುಡದ ದಾರಿಗೆ ಕರೆದೊಯ್ದ. ಆನೆಯಷ್ಟಿರುವ ಬಂಡೆಗಳ ನಡುವೆ ದನಗಳು ಮಾಡಿದ ಸಣ್ಣ ಹಾದಿ, ಅದರ ತುಂಬ ಉರುಟು ಕಲ್ಲು. ಇಲ್ಲೇ ವರ್ಷದ ಹಿಂದೆ ನನ್ನ ಪಾದ ಜಾರಿ ಎಲುಬಿಗೆ ಪೆಟ್ಟಾಗಿದ್ದು. ಈಗ ಸೈಕಲ್ ಎಷ್ಟೇ ಕುಣಿದರೂ ಎಡಪಾದ ಜಾಗ ಬಿಡಲಿಲ್ಲ. ಇಳಿಜಾರಿನಲ್ಲಿ ಸೀಟಿನಿಂದ ಎದ್ದು ನಿಂತೆ. ಎರಡೂ ಪೆಡಲಿನ ಮೇಲೆ, ಎರಡೂ ಕಾಲಿನ ಮೇಲೆ. ನೆಲದ ಮೇಲೆ ನಾನು ಹಾಗೆ ನಿಂತವನೇ ಅಲ್ಲ. ಗಾಳಿ ಕಿವಿಯಲ್ಲಿ ಹೊಡೆಯುತ್ತಿತ್ತು. ಹಿಂದಿನಿಂದ ಗೌತಮ, "ಹೊಡೀರಿ ಮಾಸ್ತರ್ರ, ಹೊಡೀರಿ!" ಎಂದು ಕೂಗುತ್ತಿದ್ದ. ಕೆಳಗೆ ಬಂದು ಬಲಗಾಲು ಊರಿದಾಗ ನನಗೆ ಅಳು ಬಂದಿತ್ತು. ಇದನ್ನು ಬಿಡಬೇಕಲ್ಲ ಎಂದು ಬಂದ ಅಳು. ಗೌತಮ ಅದನ್ನು ನೋಡಿಯೂ ನೋಡದಂತೆ ಟೈರಿನ ಗಾಳಿ ಒತ್ತಿ ನೋಡಿದ.

ಅವನನ್ನು ಅಲ್ಲೇ ಬೀಳ್ಕೊಟ್ಟು ಸಗರದ ದಾರಿ ಹಿಡಿದೆ. ಸಗರ ದಾಟಿದ ಮೇಲೆ ಡಾಂಬರು ಬಿಟ್ಟು ಕಾಲುವೆಯ ದಂಡೆಯ ಮೊರಮಿನ ಕಚ್ಚಾ ದಾರಿಗೆ ಇಳಿದೆ. ಕಾಲುವೆ ತುಂಬಿ ಹರಿಯುತ್ತಿತ್ತು, ಸದ್ದಿಲ್ಲದೆ, ಬಹಳ ವೇಗವಾಗಿ. ಇಳಿಜಾರಾಗಿ ಹಾಸಿದ ಕಾಂಕ್ರೀಟಿನ ಮೇಲೆ ಹಸಿರು ಪಾಚಿ. ಈ ಸೀಮೆಯ ತಾಯಂದಿರು ಮಕ್ಕಳಿಗೆ ಕಲಿಸುವ ಮೊದಲ ಪಾಠ ಇದೇ: ಕಾಲುವೆಗೆ ಬಿದ್ದರೆ ಈಜು ಬಂದರೂ ಮೇಲೆ ಹತ್ತಲಾಗದು. ನಾನು ಚಿಕ್ಕವನಿದ್ದಾಗ ಈ ನೀರು ಇರಲಿಲ್ಲ, ಜೋಳವೊಂದೇ ಇತ್ತು. ಈಗ ದಾರಿಯ ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಕಣ್ಣು ಹಾಯುವವರೆಗೆ ನಾಟಿ ಮಾಡಿದ ಭತ್ತ. ನೀರು ನನ್ನ ಎಡಕ್ಕಿತ್ತು.

ಒಂದೆಡೆ ದಂಡೆ ಬಸಿದು ದಾರಿಯೆಲ್ಲ ಎರೆಮಣ್ಣಿನ ಕೆಸರು. ಮುಂದಿನ ಗಾಲಿ ಹೂತು ಸೈಕಲ್ ನಿಂತೇಬಿಟ್ಟಿತು. ಬಲಗಾಲನ್ನು ಬಿಡಿಸಿದೆ, ಆದರೆ ಸೈಕಲ್ ವಾಲಿದ್ದು ಎಡಕ್ಕೆ. ಎಡಗಾಲನ್ನು ತಿರುಗಿಸಿದೆ. ಅದು ತಿರುಗಿತೋ ಇಲ್ಲವೋ ತಿಳಿಯುವುದರೊಳಗೆ ದಂಡೆಯ ತುದಿಗೆ ಬಿದ್ದಿದ್ದೆ. ಮುಂದಿನ ಗಾಲಿ ಕಾಂಕ್ರೀಟಿನ ಅಂಚಿನಾಚೆ ಗಾಳಿಯಲ್ಲಿ ತಿರುಗುತ್ತಿತ್ತು. ಸೈಕಲ್ ನೀರಿನ ಕಡೆ ಜಾರಿದರೆ ನಾನೂ ಅದರ ಜೊತೆಗೇ. ಎರಡೂ ಕೈಯಿಂದ ಕೆಸರು ಹಿಡಿದೆ. ಕೆಸರು ಯಾರಿಗೆ ಆಸರೆಯಾದೀತು?

ಮೇಲಿನ ಹೊಲದಿಂದ ಗಂಡ ಹೆಂಡತಿ ಓಡಿ ಬಂದರು. ಅವನು ಭೀಮಪ್ಪ, ಅವಳು ಶರಣಮ್ಮ ಎಂದು ಆಮೇಲೆ ತಿಳಿಯಿತು. ಅವನು ಸೈಕಲನ್ನೂ ಅವಳು ನನ್ನ ಅಂಗಿಯನ್ನೂ ಹಿಡಿದು ಎಳೆದರು. ದಾರಿಯ ನಡುವೆ ಬಂದ ಮೇಲೂ ನನ್ನ ಕಾಲು ಸೈಕಲಿಗೇ ಅಂಟಿದ್ದನ್ನು ಕಂಡು ಶರಣಮ್ಮನ ಮುಖ ಕಪ್ಪಿಟ್ಟಿತು.

"ಕಾಲು ಕಟಗೊಂಡು ಕಾಲುವಿ ದಂಡಿಗೆ ಬಂದೀರೇನ್ರೀ ಅಣ್ಣಾರ? ಅಂಥಾದ್ದೇನು ಬಂದದ ನಿಮಗ? ಮನ್ಯಾಗ ಹೆಂಡ್ರು ಮಕ್ಕಳು ಇಲ್ಲೇನು?"

ಅವಳು ತಿಳಿದದ್ದೇನೆಂದು ಅರ್ಥವಾಗಲು ಒಂದು ಕ್ಷಣ ಬೇಕಾಯಿತು. "ಅಂಥಾದ್ದಲ್ಲಮ್ಮಾ, ಇದು ಸೈಕಲ್ಲಿನ ಬೂಟು," ಎಂದೆ. ಅವಳು ನಂಬಲಿಲ್ಲ. ಭೀಮಪ್ಪ ಬೂಟಿನ ಪಟ್ಟಿ ಬಿಚ್ಚಿ ನನ್ನ ಪಾದವನ್ನು ಹೊರಗೆ ತೆಗೆದ. ಅಂಗೈಯಲ್ಲಿ ಹಿಡಿದ ಆ ಪಾದವನ್ನು ನೋಡಿ ಮೆಲ್ಲಗೆ ನೆಲಕ್ಕಿಟ್ಟ. ಶರಣಮ್ಮನ ಸಿಟ್ಟು ಅಲ್ಲಿಗೆ ಇಳಿಯಿತು. "ಬರ್ರಿ, ಉಂಡು ಹೋಗ್ರಿ," ಎಂದಳು. ಬಿಟ್ಟರೆ ಮತ್ತೆ ಕಾಲುವೆಗೇ ಹೋದಾನು ಎಂಬ ಅನುಮಾನ ಅವಳ ಕಣ್ಣಿನಲ್ಲಿ ಇನ್ನೂ ಇತ್ತು.

ಅವರ ತೊಗರಿ ಕಣಕ್ಕೆ ಬಂದಿತ್ತು. ರಾಶಿಯಿರುವ ಕಣದೊಳಗೆ ಕಾಲಲ್ಲಿ ಏನೂ ಹಾಕಿಕೊಂಡು ಹೋಗುವಂತಿಲ್ಲ, ಬಲಗಾಲಿನ ಬೂಟನ್ನೂ ಬದುವಿನ ಮೇಲೆ ಬಿಟ್ಟೆ. ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ, ಬಟ್ಟಲು ಮಜ್ಜಿಗೆ. ಭೀಮಪ್ಪ ಕೆಳಗಿನ ಹೊಲ ತೋರಿಸಿದ. ಅದರ ಮೇಲೆ ಸವಳು ಉಪ್ಪಿನಂತೆ ಬೆಳ್ಳಗೆ ಕಟ್ಟಿತ್ತು. "ನೀರು ಬರ್ಲಿ, ಬರ್ಲಿ ಅಂತ ನಮ್ಮಪ್ಪ ಕಾದ ನೋಡ್ರಿ. ಬಂತು. ಈಗ ಹೋಗಂದ್ರ ಹೋಗವಲ್ದು. ಈ ಮ್ಯಾಲಿನ ಪಟ್ಟಿ ಒಂದು ಉಳದದ, ಇದರಾಗ ತೊಗರಿ ಹಾಕೀವಿ," ಎಂದ. ಹೊರಡುವಾಗ ಅವನು ಸೈಕಲನ್ನು ಕಾಲುವೆಯಿಂದ ದೂರದ ಡಾಂಬರು ರಸ್ತೆಯವರೆಗೆ ತಾನೇ ತಳ್ಳಿಕೊಂಡು ಬಂದ. ಹೆಂಡತಿಯ ಅಪ್ಪಣೆಯಾಗಿತ್ತು. ಕೆಸರು ಮೆತ್ತಿದ ಬೂಟನ್ನು ಪೆಡಲಿನಿಂದ ಜಗ್ಗಿ ಬಿಡಿಸಿ, ಕಲ್ಲಿಗೆ ಬಡಿದು ಕೊಟ್ಟ. ಮತ್ತೆ ಬೂಟು ತೊಟ್ಟು, ಅವನ ಹೆಗಲು ಹಿಡಿದು, ಮತ್ತೆ ಕಾಲು ಸಿಕ್ಕಿಸಿಕೊಂಡೆ. ಅವನು ಬಹಳ ಹೊತ್ತು ರಸ್ತೆಯಲ್ಲೇ ನಿಂತು ನೋಡುತ್ತಿದ್ದ.

ವನದುರ್ಗದ ಕೋಟೆ ನೋಡಿದಿರಾ ಎಂದು ಯಾರಾದರೂ ಕೇಳಿದರೆ ನೋಡಿದೆ ಎನ್ನಬೇಕು. ರಸ್ತೆಯಿಂದ ಗೋಡೆ ಕಂಡಿತು, ಬಿಸಿಲಲ್ಲಿ ಕಲ್ಲು ಹೊಳೆಯುತ್ತಿತ್ತು. ಬಾಗಿಲ ಬಳಿ ಕೂತಿದ್ದ ಮುದುಕರು "ಬರ್ರಿ, ಒಳಗ ಬಾವಿ ಅದ, ನೋಡ್ರಿ" ಎಂದು ಕೈ ಮಾಡಿದರು. ನೋಡಬೇಕೆಂದರೆ ಇಳಿಯಬೇಕು, ಇಳಿಯಬೇಕೆಂದರೆ ಯಾರಾದರೂ ಹಿಡಿಯಬೇಕು. ಕೈ ಮುಗಿದು ಹಾಗೇ ಹೋದೆ. ಪ್ರವಾಸಕ್ಕೆ ಹೊರಟು ಏನನ್ನೂ ಇಳಿದು ನೋಡದೆ ಬಂದವನು ನಾನೊಬ್ಬನೇ ಇರಬೇಕು.

ಸುರಪುರಕ್ಕೆ ಬರುವಾಗ ಹೊತ್ತು ಇಳಿದಿತ್ತು. ಸುತ್ತ ಗುಡ್ಡ, ನಡುವೆ ಊರು. ಏರಿನಲ್ಲಿ ಸಣ್ಣ ಗೇರು ಹಾಕಿ ಬಲಗಾಲೊಂದರಿಂದಲೇ ತುಳಿದೆ. ಅಕ್ಕನ ಮನೆ ಓಣಿಯ ಮೇಲ್ತುದಿಯಲ್ಲಿದೆ. ನಾಗಕ್ಕ ಎಂದು ಅವಳ ಹೆಸರು, ಅರವತ್ತರ ಹತ್ತಿರ ಬಂದಿದ್ದಾಳೆ. ಅಂಗನವಾಡಿಯ ಕೆಲಸ ಬಿಟ್ಟು ಈಗ ಮನೆಯಲ್ಲೇ ಇದ್ದಾಳೆ, ಮೊಣಕಾಲು ನೋವು. ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದವಳು ನನ್ನನ್ನು ಕಂಡು ಮೊರವನ್ನು ಅಲ್ಲೇ ಇಟ್ಟಳು.

"ಅಯ್ಯ ನನ ತಮ್ಮಾ! ಸೈಕಲ್ ಮ್ಯಾಲ ಬಂದೀಯೇನೋ?"

"ತಡಿ ಅಕ್ಕಾ, ಮುಟ್ಟಬ್ಯಾಡ. ನಾನೇ ಇಳೀತೀನಿ."

ಬಲಗಾಲನ್ನು ಊರಿ, ಕಟ್ಟೆಯ ಕಂಬ ಹಿಡಿದು, ಎಡಗಾಲನ್ನು ತಿರುಗಿಸಿದೆ. ಓಣಿಯ ಜನ ನೋಡುತ್ತಿದ್ದರು. ಮತ್ತೆ ತಿರುಗಿಸಿದೆ. ಸೊಂಟ ತಿರುಗಿತು, ತೊಡೆ ತಿರುಗಿತು, ಹಿಮ್ಮಡಿ ಮಾತ್ರ ಕೂತಲ್ಲೇ ಕೂತಿತ್ತು. ಎಷ್ಟು ಹೊತ್ತು ಒದ್ದಾಡಿದೆನೋ, ಕೊನೆಗೆ ಕಂಬಕ್ಕೆ ಹಣೆ ಹಚ್ಚಿ ನಿಂತೆ. ಅಕ್ಕ ಬಂದು ಬೂಟಿನ ಪಟ್ಟಿ ಬಿಚ್ಚಿದಳು. ಷರತ್ತು ಅಲ್ಲಿಗೆ ಮುಗಿಯಿತು.

ನಾನು ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಅಕ್ಕ ಕನ್ನಡಕ ಹಾಕಿಕೊಂಡು ಪೆಡಲಿನ ಮುಂದೆ ಕೂತಳು. ಬೂಟನ್ನು ಎರಡೂ ಕೈಯಿಂದ ಜಗ್ಗಿ ತಿರುಗಿಸಿ ತೆಗೆದಳು. ಅವಳ ಕೈಗೂ ಅದು ಸುಲಭಕ್ಕೆ ಬರಲಿಲ್ಲ. ಆಮೇಲೆ ಸ್ಪ್ರಿಂಗಿನ ಮೇಲೆ ಬೆರಳು ಒತ್ತಿ ಎತ್ತಿದಳು. ಬೆರಳಿಗೆ ಕಂದು ಬಣ್ಣದ ಎಳೆ ಹತ್ತಿ ಬಂತು.

"ಇದಕ್ಕೇನು ಹಾಕೀದಿ?"

"ಎಣ್ಣಿ. ಕುಸುಬಿ ಎಣ್ಣಿ."

ಅಕ್ಕ ನನ್ನ ಮುಖ ನೋಡಿದಳು. ನೋಡನೋಡುತ್ತಾ ನಗು ಶುರುವಾಯಿತು. "ಮಾಸ್ತರ ಆಗೀಯಲ್ಲೋ ಹುಚ್ಚಾ! ಕುಸುಬಿ ಎಣ್ಣಿ ಹಂಚಿಗೆ ಹತ್ತಿದ್ರ ಕೆರದ್ರೂ ಬಿಡಂಗಿಲ್ಲ, ಅಂಟಿನಂಗ ಒಣಗ್ತದ. ಅಪ್ಪ ಚಕ್ಕಡಿ ಗಾಲಿಗಿ ಎಂದರ ಕುಸುಬಿ ಎಣ್ಣಿ ಹಾಕ್ತಿದ್ನೇನು? ಔಡಲೆಣ್ಣಿ ಹಾಕ್ತಿದ್ದ. ನಿನ ಕಾಲು ಏನೂ ಆಗಿಲ್ಲೋ, ನೀನೇ ಪೆಡಲಿಗಿ ಅಂಟು ಬಳದೀದಿ!"

ಗೌತಮ ಸ್ಕ್ರೂ ನೋಡಿದ್ದ, ನಾನು ಕಾಲು ನೋಡಿಕೊಂಡಿದ್ದೆ, ಎಣ್ಣೆಯನ್ನು ಯಾರೂ ನೋಡಿರಲಿಲ್ಲ. ಅಂಟಿನ ಮೇಲೆ ದಾರಿಯ ಧೂಳು ಕೂತು ಸ್ಪ್ರಿಂಗು ಅರ್ಧ ಮುಚ್ಚಿಹೋಗಿತ್ತು. ನಾನೂ ನಕ್ಕೆ. ನಕ್ಕು ನಕ್ಕು ಕೆಮ್ಮು ಬಂತು. ಎಷ್ಟೋ ದಿನಗಳ ಮೇಲೆ ಎದೆಯ ಮೇಲಿನ ಕಲ್ಲು ಸರಿದಿತ್ತು. ಆ ಸಂಜೆ ಅಕ್ಕ ಹೋಳಿಗೆ ಮಾಡಿದಳು. ನಾನು ಮರಳುವ ದಾರಿ ಲೆಕ್ಕ ಹಾಕಿದೆ: ಈ ಸಲ ವನದುರ್ಗದಲ್ಲಿ ಇಳಿದು ಬಾವಿ ನೋಡಬೇಕು, ಶರಣಮ್ಮನ ಕಣಕ್ಕೆ ಹೋಗಿ ನಾನು ಬದುಕಿದ್ದೇನೆಂದು ತೋರಿಸಬೇಕು.

ಬೆಳಿಗ್ಗೆ ಅಕ್ಕ ಹಳೆಯ ಬಾಟಲಿಯಲ್ಲಿ ಉಳಿದಿದ್ದ ಸೀಮೆಎಣ್ಣೆ ತಂದಳು. ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಎರಡೂ ಪೆಡಲನ್ನು ತಿಕ್ಕಿದೆವು. ಕಂದು ಅಂಟು ಸುರಿದುಹೋಗಿ ಉಕ್ಕು ಹೊಳೆಯಿತು. ಅಕ್ಕ ಬೂಟನ್ನು ಪೆಡಲಿಗೆ ಒತ್ತಿ ಒಂದೇ ಕೈಯಿಂದ ತಿರುಗಿಸಿದಳು. ಬೆಣ್ಣೆಯಿಂದ ಕೂದಲು ಎಳೆದಂತೆ ಬಿಟ್ಟಿತು. "ನೋಡು, ಕೂಸಿನ ಕೈಗೂ ಬರ್ತದ. ಹತ್ತು," ಎಂದಳು.

ಅವಳು ಸೈಕಲ್ ಹಿಡಿದಳು, ನಾನು ಹತ್ತಿದೆ. ಬಲಗಾಲು ಹಾಕಿ ತೆಗೆದೆ, ಆಡಿದ ಹಾಗೆ ಬಂತು. ಎಡಗಾಲು ಹಾಕಿದೆ. ತಿರುಗಿಸಿದೆ.

ಬರಲಿಲ್ಲ.

"ಇನ್ನೊಮ್ಮಿ ಮಾಡು," ಎಂದಳು ಅಕ್ಕ. ಮಾಡಿದೆ. "ಅವಸರ ಮಾಡಬ್ಯಾಡ. ನಾ ಹಿಡದೀನಿ, ಮಾಡು." ಕಣ್ಣು ಮುಚ್ಚಿ ಮೈಯಲ್ಲಿರುವುದನ್ನೆಲ್ಲ ಆ ಕಣಕಾಲಿಗೆ ಕಳಿಸಿದೆ. ಕಳಿಸಿದ್ದು ಅಲ್ಲಿಗೆ ತಲುಪುತ್ತಿರಲಿಲ್ಲ. ಮೊನ್ನೆಯಂತೆ ತೊಡೆ, ಸೊಂಟ ತಿರುಗಿಸಿದರೂ ತಿರುವು ಜೋತ ಕಣಕಾಲಿನಲ್ಲೇ ಕಳೆದುಹೋಗುತ್ತಿತ್ತು. ಬಾಗಿ ನೋಡಿದರೆ ಪಾದ ಸುಮ್ಮನೆ ಕೂತಿತ್ತು, ಬೇರೆ ಯಾರದೋ ಪಾದದಂತೆ. ಅಂಟು ಸುಳ್ಳಾಗಿರಲಿಲ್ಲ, ಡಾಕ್ಟರ ಮಾತೂ ಸುಳ್ಳಾಗಿರಲಿಲ್ಲ. ಒಂದರ ಹಿಂದೆ ಇನ್ನೊಂದು ಅಡಗಿ ಕೂತಿತ್ತು. ಮತ್ತೊಮ್ಮೆ ಮಾಡು ಎಂದು ಅಕ್ಕ ಹೇಳಲಿಲ್ಲ.

ಅವಳು ಒಳಗೆ ಹೋಗಿ ಹಳೆಯ ಇಳಕಲ್ ಸೀರೆಯೊಂದನ್ನು ತಂದು, ಅಂಚು ಹಿಡಿದುಕೊಂಡು ನಿಂತಳು. "ಕಟ್ಟಲೇನೋ? ಮೊದಲಿನಂಗ?"

"ಪಕ್ಕದಾಗ ಓಡವರು ಯಾರಕ್ಕಾ?" ಎಂದೆ. ಕೇಳಬಾರದಿತ್ತು. ಅವಳು ತನ್ನ ಮೊಣಕಾಲು ನೋಡಿಕೊಂಡು ಸೀರೆಯನ್ನು ಮಡಿಚಿ ಒಳಗಿಟ್ಟಳು.

ಬೂಟಿನ ಪಟ್ಟಿ ನಾನೇ ಬಿಚ್ಚಿ ಪಾದ ತೆಗೆದೆ. ಬೂಟು ಪೆಡಲಿನಲ್ಲೇ ಉಳಿಯಿತು. ಕೈಯಿಂದ ತಿರುಗಿಸಿದ್ದರೆ ಬರುತ್ತಿತ್ತು. ತೆಗೆಯಲಿಲ್ಲ. ಸಿಟ್ಟು, ಯಾರ ಮೇಲೆಂದು ಗೊತ್ತಿಲ್ಲದ ಸಿಟ್ಟು. "ಬೂಟು ಹಾಕ್ಕೊಳೋ," ಎಂದಳು ಅಕ್ಕ. "ಅದು ಅಲ್ಲೇ ಇರ್ಲಿ. ಸೈಕಲ್ಲೂ ಇರ್ಲಿ. ಯಾರಿಗರ ಕೊಡು," ಎಂದೆ. ಸೈಕಲನ್ನು ಅವಳ ಪಡಸಾಲೆಯ ಗೋಡೆಗೆ ಒರಗಿಸಿ, ತಿರುಗಿ ನೋಡದೆ ಹೊರಬಿದ್ದೆ.

ಅಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಬಸ್ ನಿಲ್ದಾಣದವರೆಗೆ ಅಕ್ಕ ಬಂದಳು. ನನ್ನ ಬಲಗಾಲಿನ ಬೂಟು ಪ್ರತಿ ಹೆಜ್ಜೆಗೂ ಟಕ್ ಟಕ್ ಎನ್ನುತ್ತಿತ್ತು, ಎಡಗಾಲು ಬರಿಗಾಲು. ಜಲ್ಲಿಕಲ್ಲು, ಬಿಸಿ ನೆಲ. ಎರಡು ಸಲ ನಿಂತೆ. ಯಾದಗಿರಿಯ ಬಸ್ಸು ಬಂದಾಗ ಅಕ್ಕ ನನ್ನನ್ನು ಬಾಗಿಲ ಹತ್ತಿರ ತಡೆದು, ತನ್ನ ಎಡಗಾಲಿನ ಚಪ್ಪಲಿ ಕಳಚಿ, ಕಷ್ಟಪಟ್ಟು ಬಗ್ಗಿ ನನ್ನ ಕಾಲಿಗೆ ಹಾಕಿದಳು. ಬೇಡವೆನ್ನಲು ಹೋದೆ. "ಸುಮ್ಮನಿರು. ಅಲ್ಲಿ ಇಳದ ಮ್ಯಾಲ ಹ್ಯಾಂಗ ನಡೀತಿ?" ಎಂದಳು. ಅವಳ ಚಪ್ಪಲಿ ನನ್ನ ಎಡಪಾದಕ್ಕೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಈ ಪಾದಕ್ಕಾಗಿ ನಾನು ಎಲ್ಲೆಲ್ಲಿಂದಲೋ ಬೂಟು ತರಿಸಿದ್ದೆ.

ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬಸ್ಸು ತಿರುವಿನಲ್ಲಿ ನಿಧಾನವಾದಾಗ ಹಿಂದಕ್ಕೆ ನೋಡಿದೆ. ಅಕ್ಕ ಮನೆಯ ಕಡೆ ಹೊರಟಿದ್ದಳು. ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿದು. ಸುಡುವ ಜಲ್ಲಿಯ ಮೇಲೆ ಎಡಗಾಲನ್ನು ಪೂರ್ತಿ ಊರಲಾರದೆ, ತೊಡೆಯ ಮೇಲೆ ಕೈಯಿಟ್ಟು, ಥೇಟ್ ನನ್ನ ಹಾಗೆ ಕುಂಟುತ್ತಾ ಏರು ಹತ್ತುತ್ತಿದ್ದಳು.